ಹೊಸ ದೇಶದಲ್ಲಿ ಹೆಸರು ಬರೆಸುವ ಮೊದಲು ಊರಿನ ಪಂಚಾಯತಿಗೆ ಹೋಗಿ ಬನ್ನಿ

ನನ್ನ ಜನನ ಪತ್ರ ಮಂಗಳೂರಿನದು. ನನ್ನ ಗಂಡನದು ಕಾಸರಗೋಡಿನ ಒಂದು ಗ್ರಾಮ ಪಂಚಾಯತಿನದು. ಮಗಳದು ಜರ್ಮನಿಯ ಆಖೆನ್ ನಗರದ್ದು. ಒಂದೇ ಮನೆಯ ಮೂರು ಜನ, ಮೂರು ಸರ್ಕಾರಗಳ ಕಾಗದ. 2023ರ ಆಗಸ್ಟಿನಲ್ಲಿ ನಾವು ಆಖೆನ್ ಬಿಟ್ಟು ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದೆವು. ಹೊಸ ಊರಿನ ಕಚೇರಿಯಲ್ಲಿ ಹೆಸರು ಬರೆಸಲು ಹೋದಾಗ ಈ ಮೂರು ಕಾಗದಗಳಲ್ಲಿ ಒಂದು ಮಾತ್ರ ಸಲೀಸಾಗಿ ಒಳಗೆ ಹೋಯಿತು. ಉಳಿದ ಎರಡಕ್ಕೆ ಎರಡು ತಿಂಗಳು ಹಿಡಿಯಿತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ನಮ್ಮ ಕಡೆ ಹೆರಿಗೆಗೂ ದೊಡ್ಡ ಕಾಯಿಲೆಗೂ ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಮೊದಲಿನಿಂದ ಬಂದದ್ದು. ಅಮ್ಮನೂ ಹಾಗೇ ಹೋದರು, ನಾನು ಅಲ್ಲಿ ಹುಟ್ಟಿದೆ. ಮನೆ ಕೇರಳದಲ್ಲಿ, ಜನನ ಪತ್ರ ಕರ್ನಾಟಕದ್ದು. ಊರಲ್ಲಿ ಇದ್ದಷ್ಟು ದಿನ ಅದರಿಂದ ಏನೂ ತೊಂದರೆ ಆಗಿರಲಿಲ್ಲ.

ಈಗ ಮಳೆಗಾಲದಲ್ಲಿ ರಜೆ ಹಾಕಿ ಊರಿಗೆ ಬಂದಿದ್ದೇನೆ. ಚಿಕ್ಕಮ್ಮನ ಮಗನೂ ಬಂದಿದ್ದಾನೆ. ಅವನು ಜರ್ಮನಿಯಲ್ಲಿ ನಾಲ್ಕು ವರ್ಷ ಇದ್ದು, ಬರುವ ತಿಂಗಳು ನೆದರ್ಲೆಂಡ್ಸಿಗೆ ಹೋಗುವವನು. ಮೊನ್ನೆ ಸಂಜೆ ಜಗಲಿಯಲ್ಲಿ ಕೂತು, "ಅಕ್ಕಾ, ಅಲ್ಲಿ ಹೋಗಿ ಏನೇನು ಮಾಡಬೇಕು, ಒಮ್ಮೆ ಹೇಳು, ಬರೆದುಕೊಳ್ಳುತ್ತೇನೆ" ಎಂದ. ಹೇಳುತ್ತಾ ಹೋದ ಹಾಗೆ ಗೊತ್ತಾಯಿತು, ಅದರಲ್ಲಿ ಅರ್ಧ ಕೆಲಸ ಇಲ್ಲೇ ಊರಲ್ಲೇ ಮಾಡಬೇಕಾದ್ದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋದ ಎಷ್ಟೋ ಮಕ್ಕಳು ಈಗ ಒಂದು ದೇಶದಲ್ಲಿ ನೆಲೆ ನಿಂತು, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ.

ಪರ್ಮಿಟ್ ಬೇರೆ, ನೋಂದಣಿ ಬೇರೆ

ಜರ್ಮನಿಯ ವಾಸದ ಕಾರ್ಡ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ತೆಗೆದ ಯುರೋಪಿನ ದೇಶಗಳಲ್ಲಿ, ಓಡಾಡಬಹುದು. 180 ದಿನಗಳಲ್ಲಿ 90 ದಿನ. ಆದರೆ ಅದೇ ಕಾರ್ಡ್ ಹಿಡಿದು ಇನ್ನೊಂದು ದೇಶದಲ್ಲಿ ಮನೆ ಮಾಡಿ ಕೆಲಸಕ್ಕೆ ಸೇರಲು ಆಗುವುದಿಲ್ಲ. ಗಡಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ, ಹಾಗಾಗಿ ಕೆಲವರು ಆಗುತ್ತದೆ ಎಂದೇ ತಿಳಿದುಕೊಳ್ಳುತ್ತಾರೆ. ಆಖೆನ್‌ನಿಂದ ಡಚ್ ಗಡಿಗೆ ಸಿಟಿ ಬಸ್ ಇದೆ. ಬೋರ್ಡ್ ಬದಲಾದಾಗ ಮಾತ್ರ ದೇಶ ಬದಲಾಯಿತು ಎಂದು ಗೊತ್ತಾಗುವುದು. ಆದರೂ ಕಾನೂನು ಬೇರೆ ಬೇರೆ. ನೆದರ್ಲೆಂಡ್ಸಿನಲ್ಲಿ ಇರಲು ಅಲ್ಲಿನ ವಲಸೆ ಇಲಾಖೆಯ, ಅಂದರೆ ಐಎನ್‌ಡಿಯ ಪರ್ಮಿಟ್ ಬೇಕು. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಬಂದವರಿಗೆ ಯುರೋಪಿಯನ್ ಯೂನಿಯನ್ನಿನ ದೇಶಗಳು ಕೊಡುವ ಪರ್ಮಿಟ್, ಇದ್ದವರಿಗೆ ಮೊದಲ ದೇಶದಲ್ಲಿ 12 ತಿಂಗಳು ಕಳೆದ ಮೇಲೆ ಇನ್ನೊಂದಕ್ಕೆ ಹೋಗುವ ದಾರಿ ಸುಲಭ ಮಾಡಿದ್ದಾರೆ. ಆದರೂ ಅರ್ಜಿ ಹಾಕಲೇಬೇಕು. ನಮ್ಮದನ್ನು ನನ್ನ ಕಂಪನಿಯೇ ಹಾಕಿತು, ಆ ಭಾಗ ಸುಗಮವಾಗಿ ಆಯಿತು.

ನೋಂದಣಿ ಎಲ್ಲರಿಗೂ ಇರುವ ಕೆಲಸ. ಡಚ್ಚರೇ ಮನೆ ಬದಲಿಸಿದರೂ ಹೇಳಬೇಕು. ಅದು ನಡೆಯುವುದು ನಗರಸಭೆಯಲ್ಲಿ. ಬರಹದಲ್ಲಿ ಗೆಮೇಂಟೆ, ಅಲ್ಲಿನವರ ಬಾಯಲ್ಲಿ ಖೆಮೇಂಟೆ. ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು ಬಂದ ಐದು ದಿನಗಳೊಳಗೆ ಅಲ್ಲಿಗೆ ತಿಳಿಸಬೇಕು. ಬಿಆರ್‌ಪಿ ಎಂಬ ದಾಖಲೆಯಲ್ಲಿ ನಿಮ್ಮ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲ ಸೇರುತ್ತದೆ. ಆಮೇಲೆ ಬಿಎಸ್‌ಎನ್ ಎಂಬ ಒಂಬತ್ತು ಅಂಕೆಯ ಸಂಖ್ಯೆ ಸಿಗುತ್ತದೆ. ಸಂಬಳ, ಡಾಕ್ಟರು, ಇನ್ಶೂರೆನ್ಸ್, ಶಾಲೆ ಎಲ್ಲದಕ್ಕೂ ಅದೇ ಬೇಕು.

ಐದು ದಿನ ಎಂದು ಹೇಳಿದರೂ ಅಪಾಯಿಂಟ್‌ಮೆಂಟ್ ಅಷ್ಟು ಬೇಗ ಸಿಗದೆ ಇರಬಹುದು. ಆದ್ದರಿಂದ ಹೊರಡುವ ಮೊದಲೇ, ಜರ್ಮನಿಯಲ್ಲಿ ಕೂತೇ, ದಿನ ಗೊತ್ತು ಮಾಡಿಕೊಳ್ಳಿ. ಮನೆಯ ಎಲ್ಲರೂ ಖುದ್ದಾಗಿ ಹೋಗಬೇಕು. ಎದೆಹಾಲು ಕುಡಿಯುವ ಮಗುವನ್ನೂ ಕರೆದುಕೊಂಡು ಹೋಗಬೇಕು.

ಕಾಗದಗಳು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಾವು ಸೋತದ್ದು ಇಲ್ಲೇ.

ಜರ್ಮನಿಗೆ ಮೊದಲು ಹೋದಾಗ ವಿಳಾಸ ನೋಂದಣಿಗೆ ನಮ್ಮ ಜನನ ಪತ್ರವನ್ನು ಯಾರೂ ಕೇಳಲಿಲ್ಲ. 2019ರ ಕೊನೆಗೆ ಮಗಳು ಹುಟ್ಟಿದಾಗ ಮಾತ್ರ ಕೇಳಿದರು. ಆಗ ಗಂಡನ ಪತ್ರ ತೆಗೆದು ನೋಡಿದರೆ, ಅದು 1983ರ ಕೈಬರಹದ ಮಲಯಾಳ ಪ್ರತಿ. ಮಡಚಿ ಮಡಚಿ ನಡುವೆ ಹರಿದಿತ್ತು. ಜಿಲ್ಲೆ ಕಣ್ಣೂರು ಎಂದಿತ್ತು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಹಾಗಾಗಿ ಅದು ಸರಿಯೇ. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ಗಂಡು ಎಂದು ಬರೆದು ಬಿಟ್ಟಿದ್ದರು. ನಮ್ಮ ಕಡೆ ಆ ಕಾಲದ ಎಷ್ಟೋ ಜನರದ್ದು ಹೀಗೇ ಇದೆ. ಹುಟ್ಟಿದ ಕೂಡಲೇ ಪಂಚಾಯತಿಗೆ ತಿಳಿಸುತ್ತಿದ್ದರು, ಹೆಸರಿಡುವುದು ಆಮೇಲೆ, ಹೆಸರು ಬರೆಸಲು ಮತ್ತೆ ಯಾರೂ ಹೋಗುತ್ತಿರಲಿಲ್ಲ. ಮಾವ ಪಂಚಾಯತಿಗೆ ಹೋಗಿ, ಶಾಲೆಯ ದಾಖಲೆ ತೋರಿಸಿ ಹೆಸರು ಸೇರಿಸಿ, ಹೊಸ ಕಂಪ್ಯೂಟರ್ ಪ್ರತಿ ಕಳಿಸಿದರು. ಅದನ್ನು ಜರ್ಮನ್‌ಗೆ ಅನುವಾದ ಮಾಡಿಸಿ ಕೊಟ್ಟೆವು, ಮುಗಿಯಿತು.

ಮುಗಿಯಿತು ಎಂದು ನಾವು ತಿಳಿದುಕೊಂಡದ್ದೇ ತಪ್ಪು. ಒಂದು ದೇಶಕ್ಕೆ ನಡೆದ ಕಾಗದ ಇನ್ನೊಂದಕ್ಕೆ ನಡೆಯಬೇಕೆಂದಿಲ್ಲ.

ಅಪೋಸ್ಟಿಲ್ ಎಂದು ಒಂದಿದೆ. ಈ ಕಾಗದ ನಿಜವಾಗಿ ಸರ್ಕಾರದ್ದೇ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳುವ ಚೀಟಿ. ಕಾಗದದ ಹಿಂಬದಿಗೆ ಅಂಟಿಸುತ್ತಾರೆ, ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. 1961ರ ಹೇಗ್ ಒಪ್ಪಂದದ ಪ್ರಕಾರ ಇದು ನಡೆಯುತ್ತದೆ, ಭಾರತ ಅದಕ್ಕೆ ಸೇರಿದ್ದು 2005ರಲ್ಲಿ. ಆದರೆ ಜರ್ಮನಿ ಭಾರತದ ಸೇರ್ಪಡೆಗೆ ಆಕ್ಷೇಪ ಹೇಳಿತ್ತು. ನಾವು ಅಲ್ಲಿದ್ದಾಗ ನಮ್ಮ ಅಪೋಸ್ಟಿಲ್‌ಗೆ ಅಲ್ಲಿ ಬೆಲೆ ಇರಲಿಲ್ಲ. ಆದ್ದರಿಂದ ನಾವು ಅದನ್ನು ಮಾಡಿಸಲೇ ಇಲ್ಲ. ನೆದರ್ಲೆಂಡ್ಸ್ ನಮ್ಮ ಅಪೋಸ್ಟಿಲನ್ನು ಒಪ್ಪುತ್ತದೆ, ಮತ್ತು ಅದು ಬೇಕೇ ಬೇಕು ಎನ್ನುತ್ತದೆ. ನಾಲ್ಕೈದು ವರ್ಷ ಜರ್ಮನಿಯಲ್ಲಿ ಇದ್ದು ಬರುವ ನಮ್ಮವರು ಎಡವುವುದು ಇಲ್ಲೇ.

ಅಪೋಸ್ಟಿಲ್ ಸಿಗಬೇಕಾದರೆ ಮೊದಲು ರಾಜ್ಯದ ದೃಢೀಕರಣ ಬೇಕು. ಯಾವ ರಾಜ್ಯ? ನಿಮ್ಮ ಮನೆ ಇರುವ ರಾಜ್ಯ ಅಂತ ಅಲ್ಲ, ಕಾಗದ ಕೊಟ್ಟ ರಾಜ್ಯ. ಕಾಸರಗೋಡಿನವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ನನ್ನ ಜನನ ಪತ್ರ ಮಂಗಳೂರಿನದು, ಅದಕ್ಕೆ ಕರ್ನಾಟಕದ ದೃಢೀಕರಣ. ತಮ್ಮ ಬೆಂಗಳೂರಿನಲ್ಲಿ ಇದ್ದ, ಅವನೇ ಓಡಾಡಿ ಮಾಡಿಸಿದ. ಗಂಡನ ಜನನ ಪತ್ರ, ನಮ್ಮ ಮದುವೆಯ ಪತ್ರ ಎರಡೂ ಕೇರಳದ್ದು. ಅದಕ್ಕೆ ಕೇರಳ ಗೃಹ ಇಲಾಖೆಯ ದೃಢೀಕರಣ. ಕೇರಳದಲ್ಲಿ ಇಂಥ ಕೆಲಸಕ್ಕೆ ಹೊರಗೆ ಇರುವ ಕೇರಳದವರಿಗಾಗಿ ಸರ್ಕಾರ ನಡೆಸುವ ನೋರ್ಕಾ ರೂಟ್ಸ್ ಸಂಸ್ಥೆಯ ಕೇಂದ್ರಗಳಿವೆ, ನಮಗೆ ಹತ್ತಿರದ್ದು ಕೋಝಿಕ್ಕೋಡಿನದು. ಎರಡು ಮೂಟೆ ಕಾಗದ ಎರಡು ದಿಕ್ಕಿಗೆ ಹೋಗುವುದಾದರೆ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ. ನನ್ನ ಎಲ್ಲ ಕಾಗದವನ್ನೂ ಒಟ್ಟಿಗೆ ಕೋಝಿಕ್ಕೋಡಿಗೆ ಕಳಿಸಿದರೆ ಮಂಗಳೂರಿನದು ಹಾಗೆಯೇ ವಾಪಸ್ ಬರುತ್ತಿತ್ತು.

ಭಾಷೆಯ ಚಿಂತೆ ಜಾಸ್ತಿ ಬೇಡ. ಡಚ್, ಇಂಗ್ಲಿಷ್, ಜರ್ಮನ್, ಫ್ರೆಂಚ್ ಈ ನಾಲ್ಕರಲ್ಲಿ ಯಾವುದಿದ್ದರೂ ಗೆಮೇಂಟೆ ತೆಗೆದುಕೊಳ್ಳುತ್ತದೆ. ಈಗಿನ ಕಂಪ್ಯೂಟರ್ ಪ್ರತಿಗಳು ಕೇರಳದಲ್ಲಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿ, ಕರ್ನಾಟಕದಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರುತ್ತವೆ. ಹಳೆಯ ಕೈಬರಹದ ಪ್ರತಿ ಇದ್ದರೆ ಅದನ್ನು ಜೋಪಾನವಾಗಿ ಇಟ್ಟು, ಹೊಸ ಪ್ರತಿ ತೆಗೆಸಿ. ಈಗ ಕೇರಳದ ಪಂಚಾಯತುಗಳಲ್ಲಿ ಈ ಕೆಲಸ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಗೊತ್ತಾಗದಿದ್ದರೆ ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಹಾಕಿಸಬಹುದು.

ಇನ್ನು ಅಕ್ಷರ. ನನ್ನ ಮಾವನ ಹೆಸರಲ್ಲಿ ಈಶ್ವರ ಎಂದಿದೆ. ನಾವು ಕನ್ನಡದವರು ಅದನ್ನು ಇಂಗ್ಲಿಷಿನಲ್ಲಿ ಐ, ಎಸ್, ಎಚ್ ಎಂದು ಶುರು ಮಾಡುತ್ತೇವೆ. ಮಲಯಾಳಂ ರೂಢಿಯಲ್ಲಿ ಇ, ಎ, ಎಸ್. ಗಂಡನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮೊದಲನೆಯ ಹಾಗೆ. ಎರಡನೇ ಸಲ ತೆಗೆಸಿದ ಜನನ ಪತ್ರದಲ್ಲಿ ಎರಡನೆಯ ಹಾಗೆ. ಭಟ್ ಎಂಬುದಕ್ಕೆ ಕೊನೆಗೆ ಒಂದು ಟಿ ಒಂದು ಕಡೆ, ಎರಡು ಟಿ ಇನ್ನೊಂದು ಕಡೆ. ಲತಾ, ಸವಿತಾ, ಗೀತಾ ಎಂಬ ಹೆಸರಿನವರೂ ನೋಡಿಕೊಳ್ಳಿ. ಒಂದು ಕಾಗದದಲ್ಲಿ 'ತ'ಕ್ಕೆ ಬರೀ ಟಿ ಇಟ್ಟರೆ ಇನ್ನೊಂದರಲ್ಲಿ ಟಿ ಮತ್ತು ಎಚ್ ಇಟ್ಟಿರಬಹುದು. ಓದುವಾಗ ನಮಗೆ ಎರಡೂ ಒಂದೇ. ನಮ್ಮ ಭಾಷೆ ಗೊತ್ತಿಲ್ಲದ ಒಬ್ಬ ನೌಕರನಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರ ಹೆಸರು. ಅದಕ್ಕೆ ಅವರನ್ನು ದೂರಿ ಪ್ರಯೋಜನ ಇಲ್ಲ.

ಹಾಗಾಗಿ ಪ್ರತಿ ಕೈಗೆ ಬಂದ ಕೂಡಲೇ, ಪಂಚಾಯತಿನ ಮೆಟ್ಟಿಲು ಇಳಿಯುವ ಮೊದಲೇ, ಪಾಸ್‌ಪೋರ್ಟನ್ನು ಪಕ್ಕದಲ್ಲಿ ಇಟ್ಟು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿ. ನಿಮ್ಮ ಹೆಸರು, ಅಪ್ಪ, ಅಮ್ಮ, ದಿನಾಂಕ, ಊರು. ತಪ್ಪಿದ್ದರೆ ಅಲ್ಲೇ ತಿದ್ದುಪಡಿ ಅರ್ಜಿ ಕೊಡಿ. ಎರಡು ಹೆಸರೂ ಒಬ್ಬರದೇ ಎಂದು ವಿಲೇಜ್ ಆಫೀಸಿನಿಂದ ಕೊಡುವ ಸರ್ಟಿಫಿಕೇಟ್ ಒಂದಿದೆ. ಊರಿನ ಕೆಲಸಕ್ಕೆ ಅದು ಸಾಕು. ಹೊರದೇಶಕ್ಕೆ ಹೋಗುವ ಕಾಗದದಲ್ಲಿ ಮೂಲವನ್ನೇ ಸರಿ ಮಾಡಿಸುವುದು ವಾಸಿ ಎಂದು ನನ್ನ ಅನುಭವ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮಲ್ಲಿ ಬಹಳ ಜನ. ಇನಿಶಿಯಲ್ ಮಾತ್ರ ಇಟ್ಟುಕೊಂಡು ಬೆಳೆದವರು. ಅಂಥವರ ಪೂರ್ತಿ ಹೆಸರನ್ನು ಡಚ್ ದಾಖಲೆಯಲ್ಲಿ ಸರ್‌ನೇಮ್ ಎಂದೇ ಬರೆಯುತ್ತಾರೆ, ಮೊದಲ ಹೆಸರು ಖಾಲಿ ಉಳಿಯುತ್ತದೆ. ಆಮೇಲೆ ಬ್ಯಾಂಕು, ವಿಮಾನದ ಟಿಕೆಟ್ ಎಲ್ಲದರಲ್ಲೂ ತಕರಾರು. ಪಾಸ್‌ಪೋರ್ಟ್ ಹೊಸದು ಮಾಡುವಾಗಲೇ ಎರಡು ಭಾಗ ಮಾಡಿಸಿಕೊಂಡರೆ ಒಳ್ಳೆಯದು.

ಮಗಳ ಕಾಗದ ಮಾತ್ರ ಸುಲಭ. ಆಖೆನ್‌ನಲ್ಲಿ ಕೇಳಿದರೆ ಹಲವು ಭಾಷೆಗಳಲ್ಲಿ ಇರುವ ಅಂತಾರಾಷ್ಟ್ರೀಯ ಜನನ ಪತ್ರ ಕೊಡುತ್ತಾರೆ. ಅನುವಾದ ಬೇಡ. 2019ರ ಫೆಬ್ರವರಿಯಿಂದ ಯುರೋಪಿಯನ್ ಯೂನಿಯನ್ನಿನ ಒಂದು ದೇಶದ ಇಂಥ ಕಾಗದಕ್ಕೆ ಇನ್ನೊಂದು ದೇಶದಲ್ಲಿ ಅಪೋಸ್ಟಿಲ್ ಕೂಡ ಬೇಡ. ಮಕ್ಕಳು ಅಲ್ಲಿ ಹುಟ್ಟಿದ್ದರೆ ಹೊರಡುವ ಮೊದಲು ಎರಡು ಪ್ರತಿ ತೆಗೆದುಕೊಳ್ಳಿ.

ಮದುವೆಯ ಪತ್ರ ಎಂದರೆ ದೇವಸ್ಥಾನದ ರಶೀದಿ ನಡೆಯುವುದಿಲ್ಲ. ನಮ್ಮ ಮದುವೆ ಮಧೂರು ದೇವಸ್ಥಾನದಲ್ಲಿ ಆದದ್ದು. ಕೇರಳದಲ್ಲಿ 2008ರ ನಿಯಮದ ಪ್ರಕಾರ ಯಾವ ಜಾತಿ ಧರ್ಮದವರಾದರೂ ಮದುವೆ ಆದ ಜಾಗದ ಪಂಚಾಯತು ಅಥವಾ ಮುನ್ಸಿಪಾಲಿಟಿಯಲ್ಲಿ ನೋಂದಣಿ ಮಾಡಬೇಕು. ಅದನ್ನು 45 ದಿನದೊಳಗೆ ಮಾಡಿಸಿದ್ದೆವು, ಆ ಒಂದು ವಿಷಯದಲ್ಲಿ ಬಚಾವಾದೆವು.

ಮನೆ

ವಿಳಾಸ ಇಲ್ಲದೆ ನೋಂದಣಿ ಇಲ್ಲ. ಬಾಡಿಗೆ ಕರಾರು ಬೇಕು, ಅಥವಾ ಯಾರದೋ ಮನೆಯಲ್ಲಿ ಇರುವುದಾದರೆ ಆ ಮನೆಯವರ ಸಹಿ ಮಾಡಿದ ಒಪ್ಪಿಗೆ ಮತ್ತು ಅವರ ಗುರುತಿನ ಕಾಗದದ ಪ್ರತಿ. ನಾವು ಮೊದಲು ಹಿಡಿದ ಮನೆಯ ಮಾಲೀಕ ಅಡ್ವಾನ್ಸ್ ತೆಗೆದುಕೊಂಡ ಮೇಲೆ, ಈ ವಿಳಾಸದಲ್ಲಿ ಹೆಸರು ಬರೆಸಬಾರದು ಎಂದ. ಹಣ ವಾಪಸ್ ಪಡೆಯಲು ಮೂರು ವಾರ ಹಿಡಿಯಿತು. ಮಗುವನ್ನು ಕಟ್ಟಿಕೊಂಡು ಅಷ್ಟು ದಿನ ಇನ್ನೊಬ್ಬರ ಮನೆಯಲ್ಲಿ ಕಳೆದದ್ದು ಈಗಲೂ ಮರೆತಿಲ್ಲ. ಮನೆ ನೋಡುವಾಗ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದು ಬೇಡ. ಇಲ್ಲಿ ಇನ್‌ಸ್ಖ್ರೈವಿಂಗ್ ಆಗುತ್ತದಾ ಎಂದು ಕೇಳಿ, ಅಂದರೆ ನೋಂದಣಿ. ಆಗುತ್ತದೆ ಎಂಬ ಉತ್ತರ ಬರವಣಿಗೆಯಲ್ಲಿ ಬರಲಿ. ಇರುವುದು ಒಂದು ಕಡೆ, ಸ್ನೇಹಿತರ ವಿಳಾಸ ಕೊಡುವುದು ಇನ್ನೊಂದು ಕಡೆ, ಹೀಗೆ ಮಾಡಬೇಡಿ. ತಪ್ಪು ವಿಳಾಸಕ್ಕೆ 325 ಯೂರೋವರೆಗೆ ದಂಡ ಇದೆ. ದಂಡಕ್ಕಿಂತ ದೊಡ್ಡ ತೊಂದರೆ, ನಿಮಗೆ ಬರಬೇಕಾದ ಸರ್ಕಾರಿ ಪತ್ರಗಳೆಲ್ಲ ಅಲ್ಲಿಗೆ ಹೋಗುತ್ತವೆ.

ಜರ್ಮನಿ ಬಿಡುವಾಗ

ಹೋದ ಊರಲ್ಲಿ ಹೆಸರು ಬರೆಸಿದರೆ ಬಿಟ್ಟ ಊರಲ್ಲಿ ತಾನಾಗಿ ಅಳಿಸಿಹೋಗುತ್ತದೆ ಎಂದುಕೊಳ್ಳಬೇಡಿ. ಜರ್ಮನಿಯಿಂದ ಹೊರದೇಶಕ್ಕೆ ಹೋಗುವವರು ಆಬ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ತೆಗೆಸುವ ಕೆಲಸ, ಮಾಡಬೇಕು. ಮನೆ ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟ ಎರಡು ವಾರದೊಳಗೆ. ಅದರ ದೃಢೀಕರಣದ ಕಾಗದ ಬರುತ್ತದೆ, ಒಂದೇ ಹಾಳೆ. ಇನ್ಶೂರೆನ್ಸ್, ಫೋನ್, ಜಿಮ್ ಇವನ್ನೆಲ್ಲ ನಿಲ್ಲಿಸಲು ಆ ಹಾಳೆಯನ್ನೇ ಕೇಳುತ್ತಾರೆ. ರೇಡಿಯೋ ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ, ತಾನಾಗಿ ನಿಲ್ಲುವುದಿಲ್ಲ, ಬೇರೆ ಅರ್ಜಿ ಹಾಕಬೇಕು. ಮಕ್ಕಳಿಗೆ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, ಬರುತ್ತಿದ್ದರೆ ಆ ಕಚೇರಿಗೆ ಕೂಡಲೇ ತಿಳಿಸಿ. ಹೇಳದೆ ತೆಗೆದುಕೊಂಡ ಹಣವನ್ನು ವಾಪಸ್ ಕೇಳುತ್ತಾರೆ. ಪಿಂಚಣಿಯ ಸಂಖ್ಯೆ ಇರುವ ಪತ್ರ, ಸಂಬಳದ ಚೀಟಿಗಳು, ಹಳೆಯ ವಿಳಾಸ ನೋಂದಣಿಯ ಕಾಗದ, ಒಂದನ್ನೂ ಬಿಸಾಡಬೇಡಿ. ಮನೆ ಬಾಡಿಗೆಗೆ ಮೂರು ತಿಂಗಳ ನೋಟಿಸ್ ಇರುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಕೊಡಿ.

ಇದೇ ಕೆಲಸ ತಿರುಗಿ, ಅಂದರೆ ಬೇರೆ ದೇಶದಿಂದ ಜರ್ಮನಿಗೆ ಹೋಗುವವರಿಗೆ ಎರಡು ಮಾತು. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಬಾಡಿಗೆ ಕರಾರು ಸಾಲದು. ಇವರು ಇಂಥ ದಿನ ನನ್ನ ಮನೆಗೆ ಬಂದಿದ್ದಾರೆ ಎಂದು ಮಾಲೀಕರು ಸಹಿ ಮಾಡಿದ ಬೇರೆ ಹಾಳೆ ಬೇಕು. 2015ರ ನವೆಂಬರ್ 1ರಿಂದ ಅದು ಕಡ್ಡಾಯ. ತಡ ಮಾಡಿದರೆ 1000 ಯೂರೋವರೆಗೆ ದಂಡ ಹಾಕಬಹುದು. ಫಾರಂನಲ್ಲಿ ಧರ್ಮದ ಒಂದು ಕಾಲಂ ಇದೆ. ನಮ್ಮ ಕಡೆಯ ಬೇಳ ಎಂಬ ಊರಿನ ಗೆಳತಿಯೊಬ್ಬಳು ರೋಮನ್ ಕ್ಯಾಥೊಲಿಕ್ ಎಂದು ಬರೆದು, ಮೊದಲ ಸಂಬಳದ ಚೀಟಿ ನೋಡಿ ಗಾಬರಿಯಾಗಿದ್ದಳು. ಅಲ್ಲಿ ಚರ್ಚ್ ತೆರಿಗೆ ಇದೆ, ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡನ್-ವ್ಯುರ್ಟೆಂಬರ್ಗ್‌ನಲ್ಲಿ ಶೇಕಡ 8, ಉಳಿದ ಕಡೆ ಶೇಕಡ 9. ಕೊಡುವುದು ಬಿಡುವುದು ಅವರವರ ನಂಬಿಕೆಗೆ ಬಿಟ್ಟದ್ದು, ತಿಳಿದುಕೊಂಡು ಬರೆಯಬೇಕು ಅಷ್ಟೇ.

ಕೌಂಟರಿನಲ್ಲಿ

ನಮ್ಮ ಅಪಾಯಿಂಟ್‌ಮೆಂಟ್ ಬೆಳಿಗ್ಗೆ ಒಂಬತ್ತೂವರೆಗೆ. ಕೌಂಟರಿನಲ್ಲಿ ಕೂತವರು ನಡುವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಮಗಳಿಗೆ ಒಂದು ಬಣ್ಣದ ಪೆನ್ಸಿಲು ಮತ್ತು ಹಾಳೆ ಕೊಟ್ಟು ಕೂರಿಸಿದರು. ಪಾಸ್‌ಪೋರ್ಟುಗಳನ್ನು ಸಾಲಾಗಿ ಬಿಡಿಸಿಟ್ಟರು. ಮೊದಲು ಮಗಳ ಪತ್ರ ತೆಗೆದುಕೊಂಡರು, ಎರಡೇ ನಿಮಿಷದಲ್ಲಿ ಟೈಪ್ ಮಾಡಿ ಪಕ್ಕಕ್ಕಿಟ್ಟರು. ಆಮೇಲೆ ನನ್ನದು. ಪೆನ್ನಿನ ಮುಚ್ಚಳದ ತುದಿಯನ್ನು ಅಕ್ಷರದ ಕೆಳಗೆ ಸರಿಸುತ್ತಾ ಓದಿದರು. ಪಾಸ್‌ಪೋರ್ಟಿನಲ್ಲಿ ಮ್ಯಾಂಗಲೋರ್, ಹೊಸ ಪ್ರತಿಯಲ್ಲಿ ಮಂಗಳೂರು. ಎರಡೂ ಒಂದೇ ಊರಾ ಎಂದು ಕೇಳಿದರು. 2014ರ ನವೆಂಬರ್ 1ಕ್ಕೆ ಊರಿನ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು ಎಂದೆ. ಕಂಪ್ಯೂಟರಿನಲ್ಲಿ ನೋಡಿ ತಲೆಯಾಡಿಸಿದರು.

ಆಮೇಲೆ ಹಾಳೆಯನ್ನು ತಿರುಗಿಸಿದರು. ಹಿಂಬದಿ ಖಾಲಿ. ಬೆರಳಿನಿಂದ ಆ ಖಾಲಿ ಜಾಗದ ಮೇಲೆ ಒಂದು ಚೌಕ ಬರೆದ ಹಾಗೆ ಮಾಡಿ, ಇಲ್ಲಿ ಅಪೋಸ್ಟಿಲ್ ಇರಬೇಕಿತ್ತಲ್ಲ ಎಂದರು. ಗಂಡನದನ್ನೂ ತಿರುಗಿಸಿದರು, ಮದುವೆಯದನ್ನೂ ತಿರುಗಿಸಿದರು. ಮೂರೂ ಖಾಲಿ.

ಅವರು ಒಂದು ಮಾತು ಗಡುಸಾಗಿ ಆಡಲಿಲ್ಲ. ಪಾಸ್‌ಪೋರ್ಟ್, ಪರ್ಮಿಟ್, ಬಾಡಿಗೆ ಕರಾರು ನೋಡಿ ನಮ್ಮನ್ನು ಬರೆದುಕೊಂಡರು, ಬಿಎಸ್‌ಎನ್ ಕೊಟ್ಟರು. ಹುಟ್ಟು ಮತ್ತು ಮದುವೆಯ ಕಾಗದಗಳನ್ನು ಸರಿ ಮಾಡಿಸಿ ತನ್ನಿ ಎಂದು ಪತ್ರ ಕೊಟ್ಟರು. ಆ ದಿನ ದಾಖಲೆಯಲ್ಲಿ ನಾನೂ ನನ್ನ ಗಂಡನೂ ಒಂದೇ ವಿಳಾಸದಲ್ಲಿ ಇದ್ದೆವು, ಗಂಡ ಹೆಂಡತಿ ಎಂದು ಮಾತ್ರ ಇರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಾವನಿಗೆ ಫೋನ್ ಮಾಡಿದೆವು. ಊರಲ್ಲಿ ಜೋರು ಮಳೆ. ಎಪ್ಪತ್ತು ದಾಟಿದ ಮಾವ ಕೊಡೆ ಹಿಡಿದು ಪಂಚಾಯತಿಗೆ ಮೂರು ಸಲ ಹೋದರು, ಹೊಸ ಪ್ರತಿಗೆ ಒಮ್ಮೆ, ಅಕ್ಷರ ತಿದ್ದಲು ಎರಡು ಸಲ. ರಜೆಯಲ್ಲಿ ನಾವೇ ಊರಲ್ಲಿ ಇದ್ದಾಗ ಒಂದು ಬೆಳಿಗ್ಗೆ ಮಾಡಬಹುದಾಗಿದ್ದ ಕೆಲಸ ಅದು. ಈ ಬೇಸರ ನನಗೆ ಇನ್ನೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸಂಖ್ಯೆ ಸಿಕ್ಕ ಮೇಲೆ

ಬಿಎಸ್‌ಎನ್ ಬಂದ ದಿನವೇ ಕಂಪನಿಗೆ ಕೊಡಿ. ಅದು ಇಲ್ಲದೆ ಸಂಬಳ ಮಾಡಿದರೆ ಶೇಕಡ 52ರ ತೆರಿಗೆ ಹಿಡಿಯಬೇಕಾಗುತ್ತದೆ. ಡಿಜಿಡಿ ಎಂಬ ಆನ್‌ಲೈನ್ ಲಾಗಿನ್‌ಗೆ ಅರ್ಜಿ ಹಾಕಿ. ಅದರ ಕೋಡ್ ಅಂಚೆಯಲ್ಲಿ, ನೋಂದಣಿ ಆದ ವಿಳಾಸಕ್ಕೇ ಬರುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿದ್ದೀರಾ ನೋಡಿಕೊಳ್ಳಿ. ಜರ್ಮನಿಯಲ್ಲಂತೂ ಹೆಸರಿಲ್ಲದ ಡಬ್ಬಿಗೆ ಕಾಗದ ಹಾಕುವುದಿಲ್ಲ.

ಆರೋಗ್ಯ ಇನ್ಶೂರೆನ್ಸಿಗೆ ನಾಲ್ಕು ತಿಂಗಳ ಸಮಯ ಇದೆ. ಆದರೆ ಯಾವಾಗ ಮಾಡಿಸಿದರೂ ಕಂತು ನೀವು ಬಂದ ದಿನದಿಂದಲೇ ಲೆಕ್ಕ. ತಡ ಮಾಡಿ ಉಳಿಸುವುದು ಏನೂ ಇಲ್ಲ, ಮೊದಲ ವಾರವೇ ಮಾಡಿಸಿ. 18 ವರ್ಷದ ಒಳಗಿನ ಮಕ್ಕಳಿಗೆ ಕಂತು ಇಲ್ಲ. ದೊಡ್ಡವರು ವರ್ಷಕ್ಕೆ ಮೊದಲ 385 ಯೂರೋ ಕೈಯಿಂದ ಕೊಡಬೇಕು, ಮನೆ ಡಾಕ್ಟರ ಭೇಟಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮನೆ ಡಾಕ್ಟರಿಗೆ ಹೌಸ್‌ಆರ್ಟ್ಸ್ ಎನ್ನುತ್ತಾರೆ. ಅವರ ಹತ್ತಿರವೂ ಹೆಸರು ಬರೆಸಬೇಕು, ಜ್ವರ ಬಂದ ಮೇಲೆ ಹುಡುಕಲು ಹೋದರೆ ಹೊಸಬರನ್ನು ತೆಗೆದುಕೊಳ್ಳುವವರು ಸಿಗುವುದು ಕಷ್ಟ. ಮಕ್ಕಳಿಗೆ ಶಾಲೆ ನಾಲ್ಕು ವರ್ಷಕ್ಕೆ ಶುರು, ಐದಕ್ಕೆ ಕಡ್ಡಾಯ. ನಮ್ಮ ಮಗಳಿಗೆ ನಾಲ್ಕು ತುಂಬಲು ಮೂರೇ ತಿಂಗಳಿತ್ತು, ನೋಂದಣಿಯ ಮರುದಿನವೇ ಶಾಲೆ ಹುಡುಕಿದೆವು.

ಊರಿನ ಡ್ರೈವಿಂಗ್ ಲೈಸೆನ್ಸ್ ನೋಂದಣಿ ಆದ ಮೇಲೆ 185 ದಿನ ಮಾತ್ರ ನಡೆಯುತ್ತದೆ. ಜರ್ಮನಿಯಲ್ಲಿ ಪರೀಕ್ಷೆ ಬರೆದು ಅಲ್ಲಿಯ ಲೈಸೆನ್ಸ್ ಮಾಡಿಕೊಂಡವರಿಗೆ ಈ ಚಿಂತೆ ಇಲ್ಲ.

ಇನ್ನೊಂದು ವಿಷಯ ಕೆಲಸಕ್ಕೆ ಒಪ್ಪುವ ಮೊದಲೇ ನೋಡಿಕೊಳ್ಳಬೇಕು. ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ನೆದರ್ಲೆಂಡ್ಸಿನಲ್ಲಿ ಒಂದು ದೊಡ್ಡ ತೆರಿಗೆ ರಿಯಾಯಿತಿ ಇದೆ, ಶೇಕಡ 30ರ ರೂಲಿಂಗ್ ಎಂದೇ ಎಲ್ಲರೂ ಹೇಳುವುದು. ಆದರೆ ಕೆಲಸ ಶುರು ಮಾಡುವ ಹಿಂದಿನ 24 ತಿಂಗಳಲ್ಲಿ 16 ತಿಂಗಳಿಗಿಂತ ಜಾಸ್ತಿ ಡಚ್ ಗಡಿಯಿಂದ 150 ಕಿಲೋಮೀಟರ್ ಆಚೆ ವಾಸ ಮಾಡಿರಬೇಕು. ಮ್ಯೂನಿಕ್‌ನಿಂದ ಬಂದ ಸಹೋದ್ಯೋಗಿಗೆ ಸಿಕ್ಕಿತು. ಆಖೆನ್ ಗಡಿಗೆ ಅಂಟಿಕೊಂಡೇ ಇರುವ ಊರು, ನನಗೆ ಸಿಗಲಿಲ್ಲ. ಸಂಬಳ ಮಾತಾಡುವಾಗ ಅವರು ಹೇಳುವ ಮೊತ್ತ ಈ ರಿಯಾಯಿತಿ ಸೇರಿಸಿಯೋ ಬಿಟ್ಟೋ ಎಂದು ಕೇಳಿ. ಎಲ್ಲಿ ಇದ್ದಿರಿ ಎಂದು ತೋರಿಸಲು ಬೇಕಾಗುವುದು ಜರ್ಮನಿಯ ಆ ಹಳೆಯ ವಿಳಾಸ ನೋಂದಣಿಯ ಕಾಗದವೇ.

ನಮ್ಮ ಮೂರು ಕಾಗದಗಳು ಅಪೋಸ್ಟಿಲ್ ಅಂಟಿಸಿಕೊಂಡು ಅಕ್ಟೋಬರ್ ಕೊನೆಗೆ ಕೊರಿಯರಿನಲ್ಲಿ ಬಂದವು. ಮತ್ತೆ ಅದೇ ಕೌಂಟರು. ಅದೇ ಹೆಂಗಸು ಹಾಳೆ ತಿರುಗಿಸಿ, ಚೀಟಿಯ ಸಂಖ್ಯೆ ಟೈಪ್ ಮಾಡಿ ನೋಡಿ, ಹೊಸ ಪ್ರಿಂಟ್ ತೆಗೆದು ಕೊಟ್ಟರು. ಅದರಲ್ಲಿ ಅಪ್ಪ, ಅಮ್ಮ, ಮಾವ, ಅತ್ತೆ ನಾಲ್ವರ ಹೆಸರೂ ಇತ್ತು, ಒಂದಕ್ಷರ ತಪ್ಪಿಲ್ಲದೆ. ಅದರ ಫೋಟೋ ತೆಗೆದು ಮಾವನಿಗೆ ಕಳಿಸಿದೆ.

ಚಿಕ್ಕಮ್ಮನ ಮಗನ ಜನನ ಪತ್ರ ನಿನ್ನೆ ರಾತ್ರಿ ಟ್ರಂಕಿನಿಂದ ತೆಗೆಸಿ ನೋಡಿದೆವು. ಹೆಸರು ಇದೆ. ಅಮ್ಮನ ಹೆಸರಲ್ಲಿ ಒಂದು ಎಚ್ ಜಾಸ್ತಿ. ನಾಳೆ ಹತ್ತು ಗಂಟೆಗೆ ಪಂಚಾಯತಿಗೆ ಹೋಗುತ್ತಾನೆ. ಪಾಸ್‌ಪೋರ್ಟ್ ಜೊತೆಗೆ ತೆಗೆದುಕೊಂಡು ಹೋಗು, ತಿದ್ದಿದ ಮೇಲೆ ಎರಡು ಪ್ರತಿ ಕೇಳು, ಅಲ್ಲೇ ಓದಿ ನೋಡಿ ಬಾ ಎಂದಿದ್ದೇನೆ.